ಮೊದಲ ಅರ್ಜಿಯ ಋಣ

ಮಗಳ ಬಾಣಂತನಕ್ಕೆಂದು 2007ರಲ್ಲಿ ಅಮೆರಿಕಕ್ಕೆ ಹೋಗಿಬಂದ ನಿವೃತ್ತ ಮೇಷ್ಟರ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ದಾವಣಗೆರೆಯಲ್ಲೋ ಹಾಸನದಲ್ಲೋ ಇಂಥ ಮನೆಗಳು ಈಗ ಬೀದಿಗೊಂದು ಸಿಗುತ್ತವೆ. ಐದಾರು ತಿಂಗಳಿದ್ದು ಮರಳಿದ ಮೇಲೆ ಗಂಡ ಹೆಂಡತಿಯ ಎರಡೂ ಪಾಸ್‌ಪೋರ್ಟುಗಳು ಎಲ್‌ಐಸಿ ಬಾಂಡುಗಳ ಜೊತೆ ಬೀರು ಸೇರಿದವು. ಹತ್ತು ವರ್ಷದ ಅವಧಿ ಯಾವಾಗಲೋ ಮುಗಿಯಿತು. ಯಾರೂ ಗಮನಿಸಲಿಲ್ಲ, ಗಮನಿಸುವ ಅಗತ್ಯವೂ ಬೀಳಲಿಲ್ಲ. ಈಗ ಮೊಮ್ಮಗಳು ‘ಅಜ್ಜಿ ತಾತ ಬರಲೇಬೇಕು’ ಅಂತ ಹಟ ಹಿಡಿದಿದ್ದಾಳೆ. ಸೈಬರ್ ಸೆಂಟರಿನ ಹುಡುಗ ಪುಸ್ತಕ ತಿರುವಿಹಾಕಿ ಹೇಳುತ್ತಾನೆ: “ಸರ್, ಇದು ಎಕ್ಸ್‌ಪೈರ್ ಆಗಿ ಎಷ್ಟೋ ವರ್ಷ ಆಯ್ತಲ್ಲ. ಇದನ್ನ ಮರೆತುಬಿಡಿ, ಫ್ರೆಶ್ ಅಂತಲೇ ಹಾಕ್ಬಿಡ್ತೀನಿ.”

ಹುಡುಗನಲ್ಲಿ ಕಪಟವೇನಿಲ್ಲ. ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು, ಕಂತು ಕಟ್ಟದ ವಿಮೆ ಪಾಲಿಸಿ ಲ್ಯಾಪ್ಸ್ ಆಗುತ್ತದೆ. ಪಾಸ್‌ಪೋರ್ಟೂ ಹಾಗೇ ಇರಬೇಕು ಎಂದು ಅವನು ಅಂದುಕೊಂಡಿದ್ದಾನೆ. ಆದರೆ ಪಾಸ್‌ಪೋರ್ಟಿನ ಲೆಕ್ಕ ಬೇರೆ. ನಿಮ್ಮ ಹೆಸರಿನಲ್ಲಿ ಒಮ್ಮೆ ಒಂದು ಪುಸ್ತಕ ಹೊರಬಿತ್ತೆಂದರೆ, ಅದು ಮುಗಿದು ಮೂರು ತಿಂಗಳಾಗಿರಲಿ, ಇಪ್ಪತ್ತು ವರ್ಷವಾಗಿರಲಿ, ಬಸ್ಸಿನಲ್ಲಿ ಕಳೆದುಹೋಗಿರಲಿ, ಗೆದ್ದಲು ತಿಂದಿರಲಿ, ನೀವು ಮುಂದೆಂದೂ ‘ಫ್ರೆಶ್’ ಅರ್ಜಿದಾರರಲ್ಲ. ಅರ್ಜಿಯಲ್ಲಿರುವುದು ಎರಡೇ ಬಾಗಿಲು. ಎಂದೂ ಪಾಸ್‌ಪೋರ್ಟ್ ಪಡೆಯದವರಿಗೆ ಫ್ರೆಶ್, ಉಳಿದವರಿಗೆಲ್ಲ ರೀ-ಇಶ್ಯೂ. ಎರಡನೇ ಬಾಗಿಲಿನ ಒಳಗೆ ಕಾರಣಗಳ ಪಟ್ಟಿ ಇದೆ: ಅವಧಿ ಮುಗಿಯುತ್ತಿದೆ ಅಥವಾ ಮುಗಿದು ಮೂರು ವರ್ಷದೊಳಗಿದೆ, ಮುಗಿದು ಮೂರು ವರ್ಷ ದಾಟಿದೆ, ಪುಟಗಳು ತುಂಬಿವೆ, ಹಾಳಾಗಿದೆ, ಕಳೆದಿದೆ, ವಿವರ ಬದಲಾಗಬೇಕಿದೆ. ನಮ್ಮ ಮೇಷ್ಟರದು ಎರಡನೆಯ ಕಾರಣ, ಅಷ್ಟೆ.

ತಪ್ಪು ಬಾಗಿಲು ಬಡಿದರೆ ಏನಾಗುತ್ತದೆ? ಅದೃಷ್ಟವಿದ್ದರೆ ಕೌಂಟರಿನಲ್ಲೇ ಸಿಕ್ಕಿಬಿದ್ದು ಅಪಾಯಿಂಟ್‌ಮೆಂಟು ವ್ಯರ್ಥವಾಗುತ್ತದೆ. ಅದೃಷ್ಟ ಕೆಟ್ಟರೆ ಅದನ್ನು ಮರೆಮಾಚುವಿಕೆ ಎಂದು ಓದುತ್ತಾರೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನ ಪ್ರಕಾರ, ಪಾಸ್‌ಪೋರ್ಟ್ ಪಡೆಯಲು ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು, ಮುಖ್ಯ ಸಂಗತಿ ಮುಚ್ಚಿಡುವುದು ಅಪರಾಧ. ಎರಡು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಹೀಗೆ ಪಡೆದ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಲೂ ರದ್ದುಮಾಡಲೂ 10ನೇ ಕಲಮು ಅಧಿಕಾರ ಕೊಡುತ್ತದೆ. ಮರೆವಿನ ಮುದುಕರನ್ನು ಯಾರೂ ಜೈಲಿಗೆ ಹಾಕಲು ಹೊರಟಿಲ್ಲ, ನಿಜ. ಆದರೆ ಹಳೆಯದೊಂದಿತ್ತು ಎಂದು ಹೇಳಿಕೊಳ್ಳಲು ಒಂದು ಸಾಲು ಸಾಕಿರುವಾಗ ವಿವರಣೆ ಕೇಳುವ ಪತ್ರಕ್ಕೆ ಉತ್ತರ ಬರೆಯುತ್ತ ಕೂರುವುದೇಕೆ?

ಈ ತಪ್ಪು ಹೆಚ್ಚು ಆಗುವುದು ವಯಸ್ಸಾದವರಲ್ಲಲ್ಲ, ಹದಿನೆಂಟು ದಾಟಿದ ಮಕ್ಕಳಲ್ಲಿ ಎಂದು ನನ್ನ ಅನುಮಾನ. ಅಪ್ಪ ದುಬೈಯಲ್ಲೋ ಮಸ್ಕತ್ತಿನಲ್ಲೋ ಇದ್ದಾಗ ಎರಡು ವರ್ಷದ ಕೂಸಿಗೂ ಪಾಸ್‌ಪೋರ್ಟ್ ಮಾಡಿಸಿರುತ್ತಾರೆ. ಮಕ್ಕಳ ಪುಸ್ತಕದ ಆಯಸ್ಸು ಐದು ವರ್ಷ, ಇಲ್ಲವೇ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. ಅವಧಿ ಮುಗಿಯಿತು, ಕುಟುಂಬ ಊರಿಗೆ ಮರಳಿತು, ಮಗು ಮಂಗಳೂರಿನಲ್ಲಿ ಎಂಜಿನಿಯರಿಂಗ್ ಸೇರಿತು. ಈಗ ‘ನನ್ನ ಮೊದಲ ಪಾಸ್‌ಪೋರ್ಟ್’ ಅಂತ ಖುಷಿಯಲ್ಲಿ ಫ್ರೆಶ್ ಒತ್ತುತ್ತದೆ. ಕೂಸಿನ ಪುಸ್ತಕ ಅಮ್ಮನ ಟ್ರಂಕಿನಲ್ಲಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಇಲಾಖೆಯ ಕಂಪ್ಯೂಟರಿಗೆ ಗೊತ್ತಿರುತ್ತದೆ.

ಒಂದಾನೊಂದು ಕಾಲದಲ್ಲಿ ಅವಧಿ ಮುಗಿದರೂ ಅದೇ ಪುಸ್ತಕ ಮುಂದುವರಿಯುತ್ತಿತ್ತು. ಹಳೆಯ ಭಾರತೀಯ ಪಾಸ್‌ಪೋರ್ಟುಗಳಲ್ಲಿ ನವೀಕರಣಕ್ಕೆಂದೇ ಪುಟಗಳಿದ್ದವು. ಅಧಿಕಾರಿ ಅಲ್ಲಿ ಹೊಸ ತಾರೀಕು ಬರೆದು, ಮುದ್ರೆಯೊತ್ತಿ ಸಹಿ ಹಾಕಿದರೆ ಮುಗಿಯಿತು. ಯಾವ್ಯಾವ ದೇಶಕ್ಕೆ ಪುಸ್ತಕ ಸಲ್ಲುತ್ತದೆ ಎಂದೂ ಅದರಲ್ಲೇ ನಮೂದಿಸುತ್ತಿದ್ದರು. ವರ್ಣಭೇದ ನೀತಿಯ ಕಾಲದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸಲ್ಲದು ಎಂಬ ಷರಾ ಇರುತ್ತಿತ್ತು. ಗಡಿಯಲ್ಲಿ ಯಂತ್ರ ಕುಳಿತ ಮೇಲೆ ಆ ಪೆನ್ನಿನ ಕಾಲ ಮುಗಿಯಿತು. ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆಯಲ್ಲ, ಸಾಲಿಗೆ 44 ಅಕ್ಷರದಂತೆ, ಅದರಲ್ಲಿ ಹೆಸರು, ನಂಬರು, ಜನ್ಮದಿನ, ಅವಧಿ ಎಲ್ಲವೂ ಅಡಕವಾಗಿದೆ. ಆ ಸಾಲಿನಲ್ಲಿರುವ ತಾರೀಕನ್ನು ಯಾವ ಅಧಿಕಾರಿಯೂ ಕೈಯಿಂದ ತಿದ್ದಲಾರ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರ ನವೆಂಬರ್ 24ರ ಗಡುವು ಹಾಕಿ ಕೈಬರಹದ ಪಾಸ್‌ಪೋರ್ಟುಗಳನ್ನು ಜಗತ್ತಿನಾದ್ಯಂತ ಚಲಾವಣೆಯಿಂದ ತೆಗೆಯಿತು. ತೊಂಬತ್ತರ ದಶಕದಲ್ಲಿ ಇಪ್ಪತ್ತು ವರ್ಷದ ಅವಧಿಯ ಕೈಬರಹದ ಪುಸ್ತಕ ಪಡೆದಿದ್ದವರು ‘ನಮ್ಮದಿನ್ನೂ ಚಾಲ್ತಿಯಲ್ಲಿದೆ’ ಎಂದು ವಾದಿಸಿದರೂ ಬದಲಿಸಿಕೊಳ್ಳದೆ ಗತಿಯಿರಲಿಲ್ಲ.

ಹಾಗಾಗಿ ಜನ ‘ರಿನ್ಯೂ ಮಾಡಿಸಿದೆ’ ಅನ್ನುವಾಗ ನಿಜಕ್ಕೂ ಸಿಗುವುದು ಹೊಸ ಪುಸ್ತಕ, ಹೊಸ ನಂಬರು, ಹೊಸ ಹತ್ತು ವರ್ಷ. ಹಳೆಯದರಲ್ಲಿ ಉಳಿದಿದ್ದ ತಿಂಗಳುಗಳು ಹೊಸದಕ್ಕೆ ಜಮೆಯಾಗುವುದಿಲ್ಲ. ಶುಲ್ಕವೂ ಒಂದೇ: ಫ್ರೆಶ್ ಆಗಲಿ ರೀ-ಇಶ್ಯೂ ಆಗಲಿ, ದೊಡ್ಡವರಿಗೆ 36 ಪುಟದ್ದು 1,500 ರೂಪಾಯಿ, 60 ಪುಟದ್ದು 2,000. ತತ್ಕಾಲ್ ಬೇಕಾದರೆ ಮೇಲೆ ಇನ್ನೂ 2,000. ಅರವತ್ತು ದಾಟಿದವರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಶೇ 10 ರಿಯಾಯಿತಿಯನ್ನು 2017ರಲ್ಲಿ ಪ್ರಕಟಿಸಿದರು. ಅದು ಹೊಸ ಅರ್ಜಿದಾರರಿಗೆ. ನೂರೈವತ್ತು ರೂಪಾಯಿ ಉಳಿಸಲೆಂದು ಹಳೆಯದನ್ನು ಬಚ್ಚಿಡುವ ಜಾಣರು ಇರಲಿಕ್ಕಿಲ್ಲ ಅಂದುಕೊಳ್ಳುತ್ತೇನೆ.

ಪುಸ್ತಕ, ಬೆಲೆ, ಅವಧಿ ಎಲ್ಲವೂ ಒಂದೇ ಆಗಿರುವಾಗ ವ್ಯತ್ಯಾಸ ಎಲ್ಲಿದೆ? ಮೊದಲ ಅರ್ಜಿಯಲ್ಲಿ ನೀವು ಯಾರೆಂದು ಸರ್ಕಾರಕ್ಕೆ ಹೇಳುತ್ತೀರಿ. ಆಮೇಲಿನ ಪ್ರತಿ ಅರ್ಜಿಯಲ್ಲೂ, ಅಂದು ಹೇಳಿದವರೇ ಇಂದೂ ಆಗಿದ್ದೀರಾ ಎಂದು ಸರ್ಕಾರ ನಿಮ್ಮನ್ನು ಕೇಳುತ್ತದೆ. ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿ ಬಿದ್ದರೆ ಮೊಮ್ಮಗ ತಾಲ್ಲೂಕು ಕಚೇರಿ ಅಲೆಯುತ್ತಾನಲ್ಲ, ಹಾಗೆ ಮೊದಲ ಅರ್ಜಿಯಲ್ಲಿ ಅವಸರದಿಂದ ತುಂಬಿದ ಒಂದು ಖಾನೆ ಮೂವತ್ತು ವರ್ಷ ಬೆನ್ನಟ್ಟುತ್ತದೆ. ಜನ ರೀ-ಇಶ್ಯೂಗೆ ಹೆದರುತ್ತಾರೆ, ಮೊದಲ ಅರ್ಜಿಯನ್ನು ಹತ್ತು ನಿಮಿಷದಲ್ಲಿ ತುಂಬಿಸಿ ಬರುತ್ತಾರೆ. ನನ್ನನ್ನು ಕೇಳಿದರೆ ಹೆದರಿಕೆಯನ್ನು ಅದಲುಬದಲು ಮಾಡಿಕೊಳ್ಳಿ ಎನ್ನುತ್ತೇನೆ.

ಬಾಣಾವರದ ಮಂಜುನಾಥ, ಮಿಸ್ಟರ್ ಸಿದ್ದಪ್ಪನಾದದ್ದು

ಕನ್ನಡಿಗರಿಗೆ ಈ ಖಾನೆಗಳಲ್ಲಿ ಅತಿ ಕಷ್ಟದ್ದು ಹೆಸರು. ನಮ್ಮಲ್ಲಿ ಬಹಳ ಮಂದಿಗೆ ಸರ್‌ನೇಮ್ ಎಂಬುದೇ ಇಲ್ಲ. ಇರುವುದು ಇನಿಶಿಯಲ್. ಒಂದಕ್ಷರ ಊರಿನದು, ಒಂದಕ್ಷರ ಅಪ್ಪನದು. ಹೆಣ್ಣುಮಕ್ಕಳದಾದರೆ ಮದುವೆಯಾದ ಮೇಲೆ ಅದೂ ಬದಲಾಗಿರಬಹುದು. ಉದಾಹರಣೆಗೆ ಬಿ.ಎಸ್. ಮಂಜುನಾಥ ಅಂತ ಒಬ್ಬರಿದ್ದಾರೆ ಅಂದುಕೊಳ್ಳೋಣ. ಬಿ ಅಂದರೆ ಬಾಣಾವರ, ಎಸ್ ಅಂದರೆ ಸಿದ್ದಪ್ಪ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್ ಕಾರ್ಡಿನಲ್ಲಿ ಬಿಡಿಸಿ ಬರೆದದ್ದು. ಇಂಗ್ಲಿಷ್ ಕಾಗುಣಿತದಲ್ಲಿ ‘ಮಂಜುನಾಥ’ನ ಕೊನೆಯ ‘ಎ’ ಅಕ್ಷರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್‌ಗೆ ಜಾಗವಿಲ್ಲ, ಬಿಡಿಸಿಯೇ ಬರೆಯಬೇಕು. ಖಾನೆ ಎರಡೇ: ಸರ್‌ನೇಮ್, ಗಿವನ್ ನೇಮ್.

ಮಂಜುನಾಥರು ಯೋಚಿಸದೆ ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಸರ್‌ನೇಮ್ ಖಾನೆಗೆ ತಳ್ಳಿದರೆ ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣದಲ್ಲಿ ಅವರನ್ನು ‘ಮಿಸ್ಟರ್ ಬಾಣಾವರ ಸಿದ್ದಪ್ಪ’ ಎಂದು ಕರೆಯುತ್ತಾರೆ. ಅದು ತಮಾಷೆ. ಸರ್‌ನೇಮ್ ಖಾನೆಯನ್ನು ಖಾಲಿ ಬಿಟ್ಟು ‘ಮಂಜುನಾಥ’ ಎಂದಷ್ಟೇ ಬರೆದರೆ ಅದು ತಮಾಷೆಯಲ್ಲ. ನಮ್ಮ ಪಾಸ್‌ಪೋರ್ಟ್ ಇದಕ್ಕೆ ಅವಕಾಶ ಕೊಡುತ್ತದೆ, ಹೊರಗಿನ ಜಗತ್ತು ಕೊಡುವುದಿಲ್ಲ. ಅಮೆರಿಕದ ವೀಸಾದಲ್ಲಿ ಅವರಿಗಿದ್ದ ಒಂದೇ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬರುತ್ತದೆ, ಮೊದಲ ಹೆಸರು ತಿಳಿಯದು ಅಂತ. ಅದು ಹಾಗೆಯೇ ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸುಗಳಿಗೂ ಹರಿದು, ಮಂಜುನಾಥರು ‘ಫ್ನೂ’ ಎಂಬ ಯಾರೋ ಒಬ್ಬರಾಗಿ ಬದುಕುತ್ತಾರೆ. 2022ರ ನವೆಂಬರಿನಲ್ಲಿ ಯುಎಇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗಬಹುದು ಎಂದು ಆಮೇಲೆ ಸಡಿಲಿಸಿತು. ಅಷ್ಟರಲ್ಲಿ ಟಿಕೆಟ್ ತೆಗೆದವರ ಪಾಡು ಪಾಡಾಗಿತ್ತು.

ಅಂದಹಾಗೆ ಆ ಕೊನೆಯ ಪುಟವೇ ಹೋಗಿಬಿಡುವುದರಲ್ಲಿತ್ತು. ತಂದೆ, ತಾಯಿ, ಸಂಗಾತಿಯ ಹೆಸರು ಮತ್ತು ವಿಳಾಸವಿರುವ ಪುಟವನ್ನು ಮುದ್ರಿಸುವುದಿಲ್ಲ ಎಂದು ವಿದೇಶಾಂಗ ಸಚಿವಾಲಯ 2018ರ ಜನವರಿಯಲ್ಲಿ ಪ್ರಕಟಿಸಿತ್ತು. ಜೊತೆಗೆ ವಲಸೆ ತಪಾಸಣೆ ಬೇಕಾದವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವ ಯೋಚನೆಯೂ ಇತ್ತು. ಬಡವರ ಹಣೆಗೆ ಬಣ್ಣ ಬಳಿಯುತ್ತೀರಾ ಎಂಬ ಆಕ್ಷೇಪ ಕೇರಳದಿಂದ ಜೋರಾಗಿ ಬಂತು. ತಿಂಗಳು ಮುಗಿಯುವುದರೊಳಗೆ ಎರಡನ್ನೂ ಕೈಬಿಟ್ಟರು.

ಹೆಸರನ್ನು ರೀ-ಇಶ್ಯೂ ವೇಳೆ ಸರಿಪಡಿಸಿಕೊಳ್ಳಬಹುದು. ಒಂದಕ್ಷರದ ಕಾಗುಣಿತ, ಇನಿಶಿಯಲ್ ಬಿಡಿಸುವುದು ಇವೆಲ್ಲ ದಾಖಲೆ ಹೊಂದಿಕೆಯಾದರೆ ಹೆಚ್ಚು ತಕರಾರಿಲ್ಲದೆ ಆಗುತ್ತವೆ. ಹೆಸರೇ ಬೇರೆಯಾದರೆ ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ಗೆಜೆಟ್ಟು ಎಂದು ದಾರಿ ಉದ್ದವಾಗುತ್ತದೆ. ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟದಲ್ಲಿ ‘ಇನ್ನು ಮುಂದೆ ನಾನು ಹೀಗೆಂದು ಕರೆಯಲ್ಪಡುತ್ತೇನೆ’ ಎಂಬ ಪುಟ್ಟ ಚೌಕಗಳನ್ನು ಓದುವುದು ನನ್ನ ಭಾನುವಾರದ ಚಟ. ಅರ್ಧಕ್ಕರ್ಧ ಜನ ಹೆಸರು ಬದಲಿಸಿಕೊಳ್ಳುತ್ತಿಲ್ಲ. ಇದ್ದ ಹೆಸರನ್ನೇ ಎಲ್ಲ ಕಾಗದಗಳಲ್ಲೂ ಒಂದೇ ಮಾಡಿಸಲು ಒದ್ದಾಡುತ್ತಿದ್ದಾರೆ. ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು: ಪಾಸ್‌ಪೋರ್ಟಿಗಾಗಿ ಹೆಸರು ಬದಲಿಸಬೇಕೆಂಬ ಕಡ್ಡಾಯ ಇಲ್ಲ. ಅತ್ತೆಮನೆಯವರು ಇದೆ ಅಂದರೂ ಇಲ್ಲ. ಹಾಗೆಯೇ ತಂದೆ ತಾಯಿ ಇಬ್ಬರ ಹೆಸರನ್ನೂ ಕೊಡಲೇಬೇಕು ಎಂಬ ನಿಯಮವನ್ನು 2016ರ ಡಿಸೆಂಬರಿನಲ್ಲಿ ಸಡಿಲಿಸಿ, ಒಬ್ಬರದು ಸಾಕು ಎಂದರು. ಒಂಟಿಯಾಗಿ ಮಕ್ಕಳನ್ನು ಬೆಳೆಸಿದ ತಾಯಂದಿರಿಗೆ ಇದು ದೊಡ್ಡ ಬಿಡುಗಡೆ. ಸನ್ಯಾಸಿಗಳು ಹೆತ್ತವರ ಬದಲು ಗುರುವಿನ ಹೆಸರು ಬರೆಯಬಹುದು ಎಂಬುದೂ ಅದೇ ತಿದ್ದುಪಡಿಯಲ್ಲಿ ಬಂದದ್ದು. ಮಠಗಳ ನಾಡಾದ ನಮ್ಮಲ್ಲಿ ಇದರ ಉಪಯೋಗ ಪಡೆದವರು ಇದ್ದೇ ಇರುತ್ತಾರೆ.

ಜನ್ಮದಿನದ್ದು ಇನ್ನೊಂದು ಕಥೆ. ಅರವತ್ತು ದಾಟಿದ ಕನ್ನಡಿಗರಲ್ಲಿ ಜೂನ್ 1ರಂದು ಹುಟ್ಟಿದವರ ಸಂಖ್ಯೆ ಅನುಮಾನ ಬರುವಷ್ಟಿದೆ. ಶಾಲೆ ತೆರೆಯುವ ತಿಂಗಳು, ಹೆಡ್‌ಮೇಷ್ಟರು ಮಗುವನ್ನು ನೋಡಿ ಬರೆದ ತಾರೀಕು ಅದು. ಪಾಸ್‌ಪೋರ್ಟಿಗೂ ಅದೇ ಬಂತು. ತೊಂದರೆಯಿಲ್ಲ, ಎಲ್ಲ ಕಡೆ ಅದೇ ಇರುವವರೆಗೆ. ನಿವೃತ್ತಿಯಾದ ಮೇಲೆ ಜಾತಕ ತೆಗೆದು ನಿಜವಾದ ತಾರೀಕು ಹಾಕಿಸೋಣ ಎಂದು ಹೊರಟವರಿಗೆ ಮಾತ್ರ ರೀ-ಇಶ್ಯೂ ಎಂಬುದು ಅಗ್ನಿಪರೀಕ್ಷೆ. ಅಂದು ಯಾವ ಆಧಾರದ ಮೇಲೆ ಆ ತಾರೀಕು ಕೊಟ್ಟಿರಿ, ಇಂದು ಯಾವ ಆಧಾರದ ಮೇಲೆ ಬೇರೆ ಕೇಳುತ್ತೀರಿ ಎಂಬ ಪ್ರಶ್ನೆಗೆ ಜಾತಕ ಉತ್ತರವಲ್ಲ. ಹೊಸ ತಲೆಮಾರಿಗೆ ಈ ಗೊಂದಲವೇ ಇರದು: 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಒಂದೇ ಪುರಾವೆ ಎಂದು 2025ರಲ್ಲಿ ನಿಯಮ ಬಂದಿದೆ. ಅದಕ್ಕೆ ಮೊದಲು ಹುಟ್ಟಿದವರು ಶಾಲೆಯ ಟಿಸಿ, ಅಂಕಪಟ್ಟಿ, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಮುಂತಾದವನ್ನು ಇನ್ನೂ ಕೊಡಬಹುದು.

ಒಂದು ಮುದ್ರೆಯ ಭಾರ

ಮೊದಲ ಅರ್ಜಿಯಲ್ಲಿ ಬೆನ್ನಿಗಂಟುವ ಮತ್ತೊಂದು ಸಂಗತಿ ‘ಇಸಿಆರ್’ ಮುದ್ರೆ. ವಲಸೆ ತಪಾಸಣೆ ಅಗತ್ಯ ಎಂದರ್ಥ. 1983ರ ವಲಸೆ ಕಾಯ್ದೆಯಿಂದ ಬಂದದ್ದು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ ಸೇರಿದಂತೆ ಗುರುತಿಸಿದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕು. ಏಜೆಂಟರ ಮೋಸದಿಂದ ಬಡ ಕಾರ್ಮಿಕರನ್ನು ಕಾಯುವುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಅಂಕಪಟ್ಟಿ ಕೈಗೆ ಸಿಗಲಿಲ್ಲವೆಂಬ ಕಾರಣಕ್ಕೆ ಮುದ್ರೆ ಹಾಕಿಸಿಕೊಂಡವರೂ ಇದ್ದಾರೆ. ಭಟ್ಕಳ, ಉಡುಪಿ, ಮಂಗಳೂರಿನ ಕಡೆ ಗಲ್ಫ್‌ಗೆ ಹೋದ ಎಷ್ಟೋ ಜನರಿಗೆ ರೀ-ಇಶ್ಯೂ ಅಂದರೆ ಆ ಮುದ್ರೆಯನ್ನು ಕಳಚಿಕೊಳ್ಳುವ ಅವಕಾಶ. ಓಪನ್ ಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವರು, ಆದಾಯ ತೆರಿಗೆ ಕಟ್ಟಿದವರು, ಮೂರು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ಇದ್ದವರು, ಐವತ್ತು ದಾಟಿದವರು ಅದರ ಹೊರಗೆ ಬರುತ್ತಾರೆ. ಹಾಗೆಂದು ತಾನಾಗಿ ಯಾರೂ ತೆಗೆಯುವುದಿಲ್ಲ. ಅರ್ಜಿಯಲ್ಲಿ ಕೇಳಬೇಕು, ಪುರಾವೆ ಕೊಡಬೇಕು. ಕೇಳದೆ ಹೋದರೆ ಹೊಸ ಪುಸ್ತಕದಲ್ಲೂ ಅದೇ ಮುದ್ರೆ ಬಂದು ಕೂರುತ್ತದೆ.

ಪಾಸ್‌ಪೋರ್ಟ್ ಕೇಂದ್ರದೊಳಗೆ ನಡೆಯುವುದು ಈಗ ಬಹುಪಾಲು ಸಲೀಸು. ಇದಕ್ಕೆ ಕರ್ನಾಟಕ ಸ್ವಲ್ಪ ಹೆಮ್ಮೆಪಡಬಹುದು. ಟಿಸಿಎಸ್ ಸಹಭಾಗಿತ್ವದ ಪಾಸ್‌ಪೋರ್ಟ್ ಸೇವಾ ಯೋಜನೆ 2010ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಬೆಂಗಳೂರು ಮತ್ತು ಚಂಡೀಗಢ ವಲಯಗಳಲ್ಲಿ. ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಕೇಂದ್ರ ದೇಶದಲ್ಲೇ ಮೊದಲಿಗೆ, 2017ರ ಜನವರಿಯಲ್ಲಿ, ಮೈಸೂರಿನಲ್ಲೂ ಗುಜರಾತಿನ ದಾಹೋದ್‌ನಲ್ಲೂ ತೆರೆಯಿತು. ಅದಕ್ಕೆ ಮುಂಚೆ ಕೋರಮಂಗಲದ ಕಚೇರಿಯ ಮುಂದೆ ಬೆಳಗಿನ ಜಾವ ಸಾಲು ನಿಂತವರನ್ನು ಕೇಳಿದರೆ ಬದಲಾವಣೆ ಎಷ್ಟೆಂದು ತಿಳಿಯುತ್ತದೆ. ಈಗ ಟೋಕನ್ ಹಿಡಿದು ಎ, ಬಿ, ಸಿ ಎಂಬ ಮೂರು ಕೌಂಟರು ದಾಟಬೇಕು. ಎಯಲ್ಲಿ ಕಂಪನಿಯ ಸಿಬ್ಬಂದಿ ಫೋಟೋ, ಬೆರಳಚ್ಚು ತೆಗೆದು ಕಾಗದ ಸ್ಕ್ಯಾನ್ ಮಾಡುತ್ತಾರೆ. ಬಿಯಲ್ಲಿ ಸರ್ಕಾರಿ ಅಧಿಕಾರಿ ಮೂಲ ದಾಖಲೆ ನೋಡುತ್ತಾರೆ. ಸಿಯಲ್ಲಿ ಮಂಜೂರು. ಫೋಟೋಗೆ ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ, ಹಿನ್ನೆಲೆಯೂ ಬಿಳಿಯೇ. ಕಡು ಬಣ್ಣ ಹಾಕಿಕೊಂಡು ಹೋದರೂ ಹತ್ತು ವರ್ಷ ಎಲ್ಲರಿಗೂ ತೋರಿಸುತ್ತ ತಿರುಗಬೇಕಾದ ಆ ಫೋಟೋದಲ್ಲಿ ಯಾರೂ ಚೆನ್ನಾಗಿ ಕಂಡ ದಾಖಲೆಯಿಲ್ಲ.

ಈ ಮೂರು ಕೌಂಟರುಗಳಲ್ಲಿ ಫ್ರೆಶ್ ಅರ್ಜಿದಾರ ವಿಳಾಸ, ಜನ್ಮದಿನ, ವಿದ್ಯಾಭ್ಯಾಸ ಎಲ್ಲಕ್ಕೂ ಪುರಾವೆ ಹೊತ್ತು ತಿರುಗುತ್ತಾನೆ. ಯಾವ ಬದಲಾವಣೆಯೂ ಇಲ್ಲದ ರೀ-ಇಶ್ಯೂದಲ್ಲಿ ಹಳೆಯ ಪುಸ್ತಕವೇ ದೊಡ್ಡ ಸಾಕ್ಷಿ. ಅದರ ಮೂಲ, ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಸಹಿ ಹಾಕಿದ ಪ್ರತಿ, ಈಗಿನ ವಿಳಾಸದ ಒಂದು ಕಾಗದ ಬೇಕು. ಬಹಳ ಸಲ ಪೊಲೀಸ್ ವೆರಿಫಿಕೇಷನ್ನೂ ಬೇಕಾಗುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುತ್ತಲೇ ಇರುವವರಿಗೆ ಈ ಸುಖವಿಲ್ಲ. ವಿಳಾಸ ಬದಲಾಯಿತೆಂದರೆ ವೆರಿಫಿಕೇಷನ್ ಬಂದೇ ಬರುತ್ತದೆ ಅಂದುಕೊಳ್ಳಿ. ಅದನ್ನು ತಪ್ಪಿಸಲು ಊರಿನ ಹಳೆಯ ವಿಳಾಸವನ್ನೇ ಮುಂದುವರಿಸಿ, ಪೊಲೀಸರು ಹೋದಾಗ ‘ಅವರು ಇಲ್ಲಿರೋದಿಲ್ಲ ಸ್ವಾಮಿ, ಬೆಂಗ್ಳೂರಲ್ಲಿದಾರೆ’ ಎಂದು ಪಕ್ಕದ ಮನೆಯವರು ನಿಜ ಹೇಳಿ ವರದಿ ಕೆಟ್ಟ ಉದಾಹರಣೆಗಳುಂಟು. ಹಾಗೆ ಮಾಡುವ ಅಗತ್ಯವೂ ಇಲ್ಲ. 2018ರ ಜೂನ್‌ನಿಂದ ದೇಶದ ಯಾವ ಭಾಗದಲ್ಲಿದ್ದರೂ ಅಲ್ಲಿಂದಲೇ ಅರ್ಜಿ ಹಾಕಬಹುದು, ವೆರಿಫಿಕೇಷನ್ ನೀವು ಕೊಟ್ಟ ಈಗಿನ ವಿಳಾಸದಲ್ಲಿ ನಡೆಯುತ್ತದೆ. ಮನೆಗೆ ಬರುವ ಸಿಬ್ಬಂದಿಗೆ ಕೊಡಬೇಕಾದ ಶುಲ್ಕ ಯಾವುದೂ ಇಲ್ಲ ಎಂಬುದನ್ನೂ ಬರೆದಿಡುತ್ತೇನೆ, ಕಾಫಿ ಕೊಡುವುದು ನಿಮ್ಮ ಮನೆಯ ಪದ್ಧತಿ.

ಕಳೆದುಹೋದದ್ದಾದರೆ ಲೆಕ್ಕ ತಿರುಗಿಬೀಳುತ್ತದೆ. ಸಾಕ್ಷಿಯಾಗಬೇಕಿದ್ದ ಪುಸ್ತಕವೇ ಇಲ್ಲ. ಅದು ಇನ್ನೊಬ್ಬರ ಕೈಯಲ್ಲಿರುವ ಅಪಾಯ ಬೇರೆ. ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಇಟ್ಟು, 36 ಪುಟದ್ದಕ್ಕೆ 1,500ರ ಬದಲು 3,000 ರೂಪಾಯಿ ಕಟ್ಟಬೇಕು. ಅವಧಿ ಇನ್ನೂ ಇರುವಾಗಲೇ ಮಳೆಯಲ್ಲಿ ನೆನೆದು, ವಾಷಿಂಗ್ ಮಷಿನ್‌ನಲ್ಲಿ ತಿರುಗಿ, ಮಗುವಿನ ಕ್ರೆಯಾನ್‌ಗೆ ಸಿಕ್ಕಿ ಹಾಳಾದ ಪುಸ್ತಕಕ್ಕೂ ಇದೇ ದರ. ಮನೆಯಲ್ಲಿಟ್ಟ ಪಾಸ್‌ಪೋರ್ಟನ್ನು ವರ್ಷಕ್ಕೊಮ್ಮೆ ತೆರೆದು ನೋಡುವುದು ಮೂರು ಸಾವಿರಕ್ಕಿಂತ ಅಗ್ಗ.

ಇಷ್ಟೊಂದು ಕೇಳಲು ಇವರಾರು, ನನ್ನ ಪುಸ್ತಕವಲ್ಲವೇ ಎಂದು ಸಿಟ್ಟು ಬರುವುದು ಸಹಜ. ಅಲ್ಲ, ನಿಮ್ಮದಲ್ಲ. ಕಾಯ್ದೆಯ 17ನೇ ಕಲಮಿನಂತೆ ಪಾಸ್‌ಪೋರ್ಟ್ ಯಾವತ್ತೂ ಕೇಂದ್ರ ಸರ್ಕಾರದ ಸ್ವತ್ತು. ನಿಮ್ಮದು ಪ್ರಯಾಣದ ಹಕ್ಕು. 1967ರ ಏಪ್ರಿಲ್‌ವರೆಗೆ ಅದೂ ಸ್ಪಷ್ಟವಿರಲಿಲ್ಲ. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ ಎನ್ನುವ ಸ್ಥಿತಿ ಇತ್ತು. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಗೆ ಪಾಸ್‌ಪೋರ್ಟ್ ಹಿಂದಿರುಗಿಸಲು ಹೇಳಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ಕಸಿಯುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರಿದ್ದ ಪೀಠ 3-2ರ ಬಹುಮತದಲ್ಲಿ ಹೇಳಿತು. ಅದರ ಬೆನ್ನಿಗೇ ಸುಬ್ಬರಾವ್ ಹುದ್ದೆ ಬಿಟ್ಟು ರಾಷ್ಟ್ರಪತಿ ಚುನಾವಣೆಯಲ್ಲಿ ಜಾಕೀರ್ ಹುಸೇನರ ಎದುರು ನಿಂತದ್ದು ಬೇರೆಯೇ ಪುರಾಣ. ಇರದ ಕಾನೂನನ್ನು ಸರ್ಕಾರ ಅವಸರದಲ್ಲಿ ಮಾಡಿತು. ಜೂನ್ 24ರಂದು ಪಾಸ್‌ಪೋರ್ಟ್ ಕಾಯ್ದೆ ಬಂತು. ಆ ದಿನವನ್ನೇ ಈಗ ಪಾಸ್‌ಪೋರ್ಟ್ ಸೇವಾ ದಿವಸ ಎಂದು ಆಚರಿಸುತ್ತಾರೆ. ಹತ್ತು ವರ್ಷದ ನಂತರ ಇದೇ ಕಾಯ್ದೆಯಡಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ಕೊಡದೆ ಮುಟ್ಟುಗೋಲು ಹಾಕಿಕೊಂಡಾಗ, ಕಾನೂನಿದ್ದರೆ ಸಾಲದು, ಅದರ ರೀತಿಯೂ ನ್ಯಾಯವಾಗಿರಬೇಕು ಎಂದು 1978ರ ಜನವರಿಯಲ್ಲಿ ಕೋರ್ಟ್ ಸೇರಿಸಿತು. ಇಂದು ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಲು, ಮೇಲ್ಮನವಿ ಹೋಗಲು ನಮಗೆ ದಾರಿಯಿದೆ. ಕ್ರಿಮಿನಲ್ ಮೊಕದ್ದಮೆ ಬಾಕಿ ಇರುವವರಿಗೂ, 1993ರ ಅಧಿಸೂಚನೆಯ ಪ್ರಕಾರ, ಕೋರ್ಟಿನ ಅನುಮತಿ ತಂದರೆ ಪುಸ್ತಕ ಸಿಗುತ್ತದೆ. ಕೋರ್ಟ್ ಅವಧಿ ಹೇಳದಿದ್ದರೆ ಅದು ಒಂದು ವರ್ಷದ್ದು.

ಮೂಲೆ ಕತ್ತರಿಸಿದ ಪುಸ್ತಕ

ಹೊಸದು ಮಂಜೂರಾದಾಗ ಹಳೆಯದಕ್ಕೆ ರದ್ದು ಎಂದು ಮುದ್ರೆಯೊತ್ತಿ, ಮೂಲೆ ಕತ್ತರಿಸಿ ವಾಪಸು ಕೊಡುತ್ತಾರೆ. ಇದನ್ನು ರದ್ದಿಗೆ ಹಾಕಿದವರು ಪಶ್ಚಾತ್ತಾಪ ಪಡುವುದು ಅಮೆರಿಕದ ವೀಸಾ ನೆನಪಾದಾಗ. ಹತ್ತು ವರ್ಷದ ಪ್ರವಾಸಿ ವೀಸಾ ಹಳೆಯ ಪುಸ್ತಕದ ಪುಟದಲ್ಲಿದ್ದರೆ ಅದರ ಅವಧಿ ಮುಗಿಯುವ ತನಕ ಅದು ಸಿಂಧು. ಹೊಸದರ ಜೊತೆ ಹಳೆಯದನ್ನೂ ಹಿಡಿದು ಹೋಗಬೇಕು, ಅಷ್ಟೆ. ವೀಸಾ ಇರುವ ಪುಟವನ್ನು ಹರಿದು ಹೊಸದಕ್ಕೆ ಅಂಟಿಸುವ ಕೈಚಳಕ ಯಾರೂ ತೋರಬಾರದು. ಕೊಲ್ಲಿಯಲ್ಲಿ ಕೆಲಸದಲ್ಲಿರುವವರ ವಿಷಯ ಬೇರೆ. ಅವರ ವಾಸದ ಪರವಾನಗಿ ಪಾಸ್‌ಪೋರ್ಟ್ ನಂಬರಿಗೆ ಕಟ್ಟಿಕೊಂಡಿರುತ್ತದೆ, ನಂಬರು ಬದಲಾದೊಡನೆ ಅಲ್ಲಿಯೂ ದಾಖಲೆ ತಿದ್ದಿಸಿಕೊಳ್ಳಬೇಕು. ವಿಮಾನದ ಟಿಕೆಟ್ಟು, ವೀಸಾ ಅರ್ಜಿ ಯಾವುದರಲ್ಲೇ ಆಗಲಿ ಹಳೆಯ ನಂಬರು ಹಾಗೇ ಉಳಿದಿದೆಯೇ ಎಂದು ನೋಡಿಕೊಳ್ಳುವುದೂ ಈ ಸಾಲಿಗೇ ಸೇರುತ್ತದೆ.

ಯಾವಾಗ ಹೋಗಬೇಕು ಎಂಬುದಕ್ಕೆ ನನ್ನ ಉತ್ತರ, ಒಂಬತ್ತು ವರ್ಷ ತುಂಬುತ್ತಿದ್ದಂತೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಿನಿಂದ ರೀ-ಇಶ್ಯೂಗೆ ಅರ್ಜಿ ಹಾಕಬಹುದು. ಬಹಳ ದೇಶಗಳು ಪ್ರವೇಶದ ವೇಳೆ ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಅಂದರೆ ಹತ್ತು ವರ್ಷದ ಪುಸ್ತಕ ನಿಜಕ್ಕೂ ಬಾಳುವುದು ಒಂಬತ್ತೂವರೆ ವರ್ಷ. ಸಿಂಗಪುರಕ್ಕೋ ಬಾಲಿಗೋ ಟಿಕೆಟ್ ತೆಗೆದ ಮೇಲೆ ಇದನ್ನು ಕಂಡುಕೊಂಡವರೇ ತತ್ಕಾಲ್‌ನ ದೊಡ್ಡ ಗಿರಾಕಿಗಳು.

ಬೇರೆ ದೇಶದ ಪೌರತ್ವ ತೆಗೆದುಕೊಂಡ ಕನ್ನಡಿಗರಿಗೆ ಎರಡು ಬಾಗಿಲೂ ಮುಚ್ಚಿವೆ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದ ಕ್ಷಣಕ್ಕೆ ಭಾರತದ ಪೌರತ್ವ ಕೊನೆಯಾಗುತ್ತದೆ. ಹಳೆಯ ಭಾರತೀಯ ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ವರ್ಷವಿದೆ ಎಂಬುದು ಲೆಕ್ಕಕ್ಕಿಲ್ಲ. ಅದನ್ನು ದೂತಾವಾಸಕ್ಕೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಪಡೆಯುವಾಗ ಅದನ್ನು ಕೇಳುತ್ತಾರೆ. ಆ ಕಾರ್ಡಿನದೂ ಇಂಥದೇ ಒಂದು ರಗಳೆ ಇತ್ತು: ಇಪ್ಪತ್ತು ವರ್ಷದೊಳಗಿನವರು ವಿದೇಶಿ ಪಾಸ್‌ಪೋರ್ಟ್ ಬದಲಾದಾಗಲೆಲ್ಲ, ಐವತ್ತು ದಾಟಿದವರು ಮತ್ತೊಮ್ಮೆ, ಕಾರ್ಡನ್ನು ಹೊಸದಾಗಿ ಮಾಡಿಸಬೇಕಿತ್ತು. 2021ರ ಏಪ್ರಿಲ್‌ನಲ್ಲಿ ಅದನ್ನು ಇಪ್ಪತ್ತು ತುಂಬಿದ ಮೇಲೆ ಒಂದೇ ಸಲ ಎಂದು ಇಳಿಸಿದರು. ಉಳಿದ ಸಲ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೋವನ್ನು ಜಾಲತಾಣದಲ್ಲಿ ಏರಿಸಿದರೆ ಸಾಕು.

ಈಗ ಕೊಡುತ್ತಿರುವುದು ಇ-ಪಾಸ್‌ಪೋರ್ಟ್. 2024ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ಒಂದೊಂದೇ ಕಚೇರಿಗೆ ಹಬ್ಬಿತು. ಮುಖಪುಟದ ಬರಹದ ಕೆಳಗೆ ಪುಟ್ಟ ಬಂಗಾರ ಬಣ್ಣದ ಗುರುತು, ರಟ್ಟಿನೊಳಗೆ ಒಂದು ಚಿಪ್. ಫೋಟೋ ಪುಟದ ವಿವರಗಳೇ ಸಹಿಯೊಂದಿಗೆ ಅದರಲ್ಲೂ ಇರುತ್ತವೆ, ಹಾಗಾಗಿ ಪುಟ ತಿದ್ದಿ ಮೋಸ ಮಾಡುವುದು ಕಷ್ಟ. ಮನೆಯಲ್ಲಿರುವ ಹಳೆಯ ಮಾದರಿಯದನ್ನು ಕೂಡಲೇ ಬದಲಿಸಬೇಕೆ ಎಂದು ಕೇಳುವವರಿದ್ದಾರೆ, ಬದಲಿಸಿಕೊಡುತ್ತೇವೆ ಎಂದು ದುಡ್ಡು ಕೇಳುವ ಏಜೆಂಟರೂ ಹುಟ್ಟಿಕೊಂಡಿದ್ದಾರೆ. ಬೇಕಿಲ್ಲ. ಮುದ್ರಿತ ತಾರೀಕಿನವರೆಗೆ ಹಳೆಯದು ನಡೆಯುತ್ತದೆ ಎಂದು ಸರ್ಕಾರವೇ ಹೇಳಿದೆ. ಅವಧಿ ಮುಗಿಯುತ್ತ ಬಂದಾಗ ರೀ-ಇಶ್ಯೂಗೆ ಹೋದರೆ ಅದೇ 1,500 ರೂಪಾಯಿಗೆ ಚಿಪ್ಪಿನದೇ ಕೈಗೆ ಬರುತ್ತದೆ. ಅರ್ಜಿ ಹಾಕುವ ಅಧಿಕೃತ ತಾಣದ ವಿಳಾಸ gov.in ಎಂದು ಕೊನೆಯಾಗುತ್ತದೆ. ಹಾಗೆ ಕೊನೆಯಾಗದ, ನೋಡಲು ಅದರಂತೆಯೇ ಇರುವ ತಾಣಗಳಲ್ಲಿ ಕಾರ್ಡ್ ನಂಬರು ಒತ್ತುವ ಮುಂಚೆ ಮನೆಯ ಹುಡುಗರಿಗೊಮ್ಮೆ ತೋರಿಸಿ.